ಶೆಡ್ಡಿನಲ್ಲೇ ಕಟ್ಟಿದ ಪ್ಲಾನಿಶಿಂಗ್ ಹ್ಯಾಮರ್ ಮತ್ತು ಒಂದು ಮಡ್‌ಗಾರ್ಡ್

ತಗಡಿನ ಮೇಲಿನ ಏಟಿನ ಗುರುತುಗಳನ್ನು ಬಡಿದು ನಯಗೊಳಿಸುವ ಪ್ಲಾನಿಶಿಂಗ್ ಹ್ಯಾಮರ್ ಯಂತ್ರವನ್ನು ಕೊಳ್ಳುವುದು ಬೇಡ, ನಮ್ಮ ಶೆಡ್ಡಿನಲ್ಲೇ ಕಟ್ಟೋಣ ಎಂಬ ಮಾಲೀಕರ ತೀರ್ಮಾನದಲ್ಲಿ ತಪ್ಪೇನೂ ಇರಲಿಲ್ಲ. ಗಾಳಿಯ ಒತ್ತಡದಿಂದ ಬಡಿಯುವ 0.401 ಇಂಚು ಶ್ಯಾಂಕಿನ ಏರ್ ಚಿಸೆಲ್, ಕಂಪ್ರೆಸರ್, ಲೇತ್ ಎಲ್ಲವೂ ನಮ್ಮಲ್ಲಿದ್ದವು. ಸಿ ಆಕಾರದ ಫ್ರೇಮ್, ಮೇಲೊಂದು ಚಪ್ಪಟೆ ಡೈ (ತಗಡಿಗೆ ತಾಗುವ ಅಚ್ಚು), ಕೆಳಗೊಂದು ಉಬ್ಬು ಡೈ, ಕಾಲಲ್ಲಿ ಒತ್ತುವ ವಾಲ್ವ್ ಇಷ್ಟೇ ಆಗಬೇಕಿತ್ತು. ಆದರೆ ಎಲ್ಲಿ ಧಾರಾಳವಾಗಿ ಖರ್ಚು ಮಾಡಬೇಕಿತ್ತೋ ಆ ಫ್ರೇಮಿನಲ್ಲೇ ಉಳಿತಾಯ ಮಾಡಿದ್ದು ನನಗೆ ಇಂದಿಗೂ ಬೇಸರದ ಸಂಗತಿ. ನಾನು ಬರೆದುಕೊಟ್ಟ ಪಟ್ಟಿಯಲ್ಲಿದ್ದ 100 ಎಂಎಂ ಚೌಕದ, 6 ಎಂಎಂ ದಪ್ಪದ ಟ್ಯೂಬನ್ನು ಹೊಡೆದುಹಾಕಿ, ಮೂಲೆಯಲ್ಲಿ ಬಿದ್ದಿದ್ದ 50 ಎಂಎಂ, 3 ಎಂಎಂ ದಪ್ಪದ ಟ್ಯೂಬೇ ಸಾಕೆಂದು ಆಫೀಸಿನಿಂದ ತಿದ್ದಿ ಕಳುಹಿಸಿದರು.

ಮೊದಲು ಬಂದ ದೊಡ್ಡ ಕೆಲಸ ಹಳೆಯ ಪ್ರೀಮಿಯರ್ ಪದ್ಮಿನಿಯ ಹಿಂದಿನ ಮಡ್‌ಗಾರ್ಡ್. ಮೇಸ್ತ್ರಿ ಅದನ್ನು ಮರಳಿನ ಚೀಲದ ಮೇಲೆ ಮರದ ಸುತ್ತಿಗೆಯಿಂದ ಬಡಿದು ಆಕಾರಕ್ಕೆ ತಂದಿದ್ದರು. ಏಟಿನ ಗುರುತುಗಳನ್ನು ಅಳಿಸಿ ನಯಗೊಳಿಸುವುದಷ್ಟೇ ಬಾಕಿ ಇತ್ತು. ಪೆಡಲ್ ಒತ್ತಿದಾಗ ಸದ್ದು ಜೋರಾಗಿ ಬಂದರೂ ಗುರುತುಗಳು ಹಾಗೆಯೇ ಉಳಿದವು. ಗಾಳಿ ಸಾಲದೆಂದೇ ನಾವೆಲ್ಲರೂ ಎಣಿಸಿದೆವು. ರೆಗ್ಯುಲೇಟರಿನ ಮುಳ್ಳು ಸ್ವಲ್ಪ ಸ್ವಲ್ಪವಾಗಿ 90 ಪಿಎಸ್‌ಐ ತಲುಪಿತು. ಅಲ್ಲಿಂದಾಚೆಗೆ ನಡೆದದ್ದನ್ನು ನೆನೆದರೆ ಈಗಲೂ ಮನಸ್ಸು ಬಿಗಿಯುತ್ತದೆ. ತಗಡು ಹಿಡಿದಿದ್ದ ಹುಡುಗನ ಕೈ ನಡುಗತೊಡಗಿತು, ಅವನು ಮಡ್‌ಗಾರ್ಡನ್ನು ಸರಿಸಿದ ದಾರಿಯುದ್ದಕ್ಕೂ ಅರ್ಧಚಂದ್ರದಂಥ ಕಚ್ಚುಗಳು ಮೂಡಿದವು, ಏಟು ಹೆಚ್ಚು ಬಿದ್ದ ಜಾಗದಲ್ಲಿ ತಗಡು ಹಿಗ್ಗಿ, ಬೆರಳಿನಿಂದ ಒತ್ತಿದರೆ ಒಳಕ್ಕೂ ಹೊರಕ್ಕೂ ಟಕ್ಕೆಂದು ಜಿಗಿಯುವಂತಾಯಿತು. ಕಿವಿಗೆ ಮಫ್ ಹಾಕಿಕೊಂಡಿದ್ದ ಅವನಿಗೆ ನಮ್ಮ ಕೂಗು ಕೇಳಿಸದೆ, ಮೇಸ್ತ್ರಿಯೇ ಓಡಿಹೋಗಿ ಗಾಳಿಯ ಕಾಕ್ ಮುಚ್ಚಿದರು.

"ಚಿಸೆಲ್ ಸರಿಯಾಗೇ ಇದೆ ಸಾರ್, ಮೇಲಿನ ತೋಳು ನೋಡಿ" ಎಂದರು.

ಬೇರೆ ತಗಡಿನ ತುಂಡೊಂದನ್ನು ಇಟ್ಟು ಮತ್ತೆ ಒತ್ತಿ ನೋಡಿದಾಗ ಕಾರಣ ಕಣ್ಣೆದುರಿಗೇ ಇತ್ತು. ಏಟು ಬಿದ್ದಾಗಲೆಲ್ಲ ಫ್ರೇಮಿನ ಬಾಯಿ ತೆರೆದುಕೊಳ್ಳುತ್ತಿತ್ತು. ತಗಡಿಗೆ ಸೇರಬೇಕಾದ ಬಲ ತೋಳನ್ನು ಅಲುಗಿಸುವುದರಲ್ಲಿ ವ್ಯರ್ಥವಾಗುತ್ತಿತ್ತು. ತೋಳು ಮೇಲೆದ್ದಾಗ ಚಪ್ಪಟೆ ಡೈಯೂ ಓರೆಯಾಗುವುದರಿಂದ, ಡೈಯ ಮುಖ ತಗಡಿನ ಮೇಲೆ ಕೂರದೆ ಅಂಚು ಮಾತ್ರ ಕಚ್ಚುತ್ತಿತ್ತು. ಒತ್ತಡ ಏರಿಸಿದಷ್ಟೂ ಕಚ್ಚು ಆಳವಾಯಿತೇ ಹೊರತು ತಗಡು ನಯವಾಗಲಿಲ್ಲ. ಹಿಗ್ಗಿದ ಜಾಗವನ್ನು ಕೆಂಪಗೆ ಕಾಯಿಸಿ ಕುಗ್ಗಿಸಲು ಮೇಸ್ತ್ರಿ ಪ್ರಯತ್ನಿಸಿದರೂ, ಕೊನೆಗೆ ಅಷ್ಟು ಭಾಗವನ್ನು ಕತ್ತರಿಸಿ ಹೊಸ ತುಂಡನ್ನು ವೆಲ್ಡ್ ಮಾಡಬೇಕಾಯಿತು. ಆ ಕೂಲಿಗೆ ಹೋಲಿಸಿದರೆ ದಪ್ಪ ಟ್ಯೂಬಿನ ಬೆಲೆ ಏನೇನೂ ಅಲ್ಲ.

ಎರಡನೆಯ ಫ್ರೇಮನ್ನು ಪಟ್ಟಿಯಲ್ಲಿದ್ದ ಟ್ಯೂಬಿನಿಂದಲೇ ಕಟ್ಟಿ, ಮೂಲೆಗಳಿಗೆ ಪ್ಲೇಟ್ ಕೊಟ್ಟು, ಮೊಳಗು ತಗ್ಗಲೆಂದು ಒಳಗೆ ಒಣ ಮರಳು ತುಂಬಿದೆವು. ಈಗ 1 ಎಂಎಂ ತಗಡಿಗೆ 40 ಪಿಎಸ್‌ಐ ಸಾಕಾಗುತ್ತಿದೆ. ಕೆಳಗಿನ ಡೈಯ ಉಬ್ಬು ತಗಡಿನ ಬಾಗಿಗಿಂತ ತುಸು ಹೆಚ್ಚಿರಬೇಕು, ಇಲ್ಲವಾದರೆ ಅದರ ಅಂಚೂ ಕಚ್ಚುತ್ತದೆ. ಡೈಯ ಮೇಲಿನ ಒಂದು ಗೀರು ಸಾವಿರ ಸಲ ತಗಡಿನ ಮೇಲೆ ಅಚ್ಚಾಗುವುದರಿಂದ, ಡೈಗಳಿಗೆ ಕನ್ನಡಿಯಂತೆ ಪಾಲಿಶ್ ಇರಲೇಬೇಕು. ಡೈಗಳ ನಡುವೆ ತಗಡಿಲ್ಲದೆ ಪೆಡಲ್ ಒತ್ತುವುದನ್ನು ನಾನು ಯಾರಿಗೂ ಬಿಡುವುದಿಲ್ಲ. ಡೈ ಹಿಡಿದಿರುವ ಸ್ಪ್ರಿಂಗ್ ತುಂಡಾದರೆ ಎದುರಿಗಿದ್ದವರಿಗೆ ಅಪಾಯ.

ಗಾಳಿಯನ್ನು ಸೋಸಿ, ಒತ್ತಡ ಹದಗೊಳಿಸಿ, ಎಣ್ಣೆ ಬೆರೆಸುವ ಎಫ್‌ಆರ್‌ಎಲ್ ಯೂನಿಟ್ಟಿಗೆ ಸಲ್ಲಿಸಿದ ಬೇಡಿಕೆ ಇನ್ನೂ ಆಫೀಸಿನಲ್ಲೇ ಇದೆ. ಅದು ಮಂಜೂರಾಗುವವರೆಗೆ ಪ್ರತಿದಿನ ಬೆಳಿಗ್ಗೆ ಟ್ಯಾಂಕಿನ ನೀರು ಬಿಟ್ಟು, ಚಿಸೆಲ್ಲಿನ ಗಾಳಿಯ ಬಾಯಿಗೆ ಕೆಲವು ಹನಿ ಎಣ್ಣೆ ಹಾಕಿದ ಮೇಲೆಯೇ ಕೆಲಸ ಆರಂಭಿಸುತ್ತಿದ್ದೇವೆ.