ಎಕ್ಸ್‌ರೇಯಲ್ಲಿ ತೂತು ಕಂಡರೆ ಟಿಬಿಯೇ ಆಗಬೇಕಿಲ್ಲ

ನಮ್ಮಲ್ಲಿ ಎದೆಯ ಎಕ್ಸ್‌ರೇಯಲ್ಲಿ ತೂತು ಬಿದ್ದ ಗಂಟು ಕಂಡರೆ ಮೊದಲು ಬಾಯಿಗೆ ಬರುವ ಮಾತು ಟಿಬಿ. ಟಿಬಿ ಅಷ್ಟು ಜಾಸ್ತಿ ಇರುವ ಕಡೆ ಅದು ಸಹಜವೇ. ನನ್ನ ದೊಡ್ಡಮ್ಮನಿಗೂ ಹಾಗೇ ಹೇಳಿದರು. ಕಫದಲ್ಲಿ ಟಿಬಿ ಕ್ರಿಮಿ ಸಿಗದಿದ್ದರೂ ಅವರು ತಿಂಗಳುಗಟ್ಟಲೆ ಮಾತ್ರೆ ನುಂಗಿದರು, ಕೆಮ್ಮು ಮಾತ್ರ ಬಿಡಲಿಲ್ಲ.

ಅವರಿಗಿದ್ದದ್ದು ಜಿಪಿಎ, ಅಂದರೆ ಗ್ರಾನುಲೊಮಟೋಸಿಸ್ ವಿತ್ ಪಾಲಿಆಂಜೈಟಿಸ್. ಹಳೆಯ ರಿಪೋರ್ಟ್‌ಗಳಲ್ಲಿ ವೆಗೆನರ್ ಅಂತ ಇರುತ್ತದೆ, 2011ರಲ್ಲಿ ಹೆಸರು ಬದಲಾಯಿತು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಸಣ್ಣ ರಕ್ತನಾಳಗಳ ಮೇಲೆ ತಿರುಗಿಬೀಳುವ ಅಪರೂಪದ ಕಾಯಿಲೆ ಇದು.

ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಎರಡೂ ಶ್ವಾಸಕೋಶಗಳಲ್ಲಿ ಬೇರೆ ಬೇರೆ ಗಾತ್ರದ ಗುಂಡಗಿನ ಗಂಟುಗಳು ಕಾಣುತ್ತವೆ, 2 ಸೆಂ.ಮೀ. ದಾಟಿದ ಗಂಟಿನ ಒಳಗೆ ಎಷ್ಟೋ ಸಲ ತೂತು ಬಿದ್ದಿರುತ್ತದೆ. ದೊಡ್ಡವರ ಟಿಬಿ ಹೆಚ್ಚಾಗಿ ಶ್ವಾಸಕೋಶದ ಮೇಲ್ಭಾಗ ಹಿಡಿಯುತ್ತದೆ, ಜಿಪಿಎಗೆ ಅಂಥ ಜಾಗವಿಲ್ಲ. ಹಳೆಯ ಟಿಬಿ ಗಾಯದಲ್ಲಿ ಕಾಣುವ ಸುಣ್ಣದ ಕಲೆ ಇಲ್ಲಿ ಅಪರೂಪ. ಒಂದು ಕಡೆಯ ನೆರಳು ಮಾಸಿ ಇನ್ನೊಂದು ಕಡೆ ಹೊಸದು ಏಳುವುದೂ ಉಂಟು. ನಿಜವಾಗಿ ಹೆದರಬೇಕಾದದ್ದು ಎರಡೂ ಕಡೆ ಹತ್ತಿ ಹರಡಿದಂತೆ ಬೆಳ್ಳಗಾದಾಗ, ಅದು ಒಳಗೆ ರಕ್ತ ಸೋರುತ್ತಿರುವುದರ ಗುರುತಾಗಿರಬಹುದು, ಕೆಮ್ಮಿದಾಗ ರಕ್ತ ಬಾರದೇ ಇದ್ದರೂ ಸಹ. ಉಸಿರು ಕಟ್ಟಿ ಹಿಮೋಗ್ಲೋಬಿನ್ ಏಕಾಏಕಿ ಇಳಿದರೆ ತಡಮಾಡಬಾರದು.

ಎಕ್ಸ್‌ರೇ ಒಂದೇ ಸಾಲದು, ಕೆಲವರಲ್ಲಿ ಅದು ನಾರ್ಮಲ್ ಬಂದು ಸಿಟಿ ಸ್ಕ್ಯಾನ್‌ನಲ್ಲಿ ಗಂಟು ಸಿಗುತ್ತದೆ. ಮೂಗಿನಲ್ಲಿ ಹಕ್ಕಳೆ, ರಕ್ತ, ವಾಸಿಯಾಗದ ಸೈನಸ್, ಕಿವಿ ಮಂದ ಇವೆಲ್ಲ ಇದೆಯಾ ಅಂತ ಯಾರಾದರೂ ಕೇಳಬೇಕು. ದೊಡ್ಡಮ್ಮನನ್ನು ಬಹಳ ದಿನ ಯಾರೂ ಕೇಳಲೇ ಇಲ್ಲ, ನನಗೆ ಇವತ್ತಿಗೂ ಸಂಕಟ. ಮೂತ್ರ ಪರೀಕ್ಷೆಯಂತೂ ಬೇಕೇ ಬೇಕು, ಕಿಡ್ನಿ ನೋವಿಲ್ಲದೆ ಸುಮ್ನೆ ಹಾಳಾಗುತ್ತಿರಬಹುದು. ಆಮೇಲೆ ಆಂಕಾ ಅನ್ನುವ ರಕ್ತ ಪರೀಕ್ಷೆ. ಕೆಲವೊಮ್ಮೆ ಟಿಬಿಯಲ್ಲೂ ಅದು ಪಾಸಿಟಿವ್ ಬರುವುದರಿಂದ ಸಾಧ್ಯವಾದರೆ ಬಯಾಪ್ಸಿಯೂ ಆಗಬೇಕು.

ಔಷಧಿ ಇಲ್ಲದ ಕಾಲದಲ್ಲಿ ಬಹುಪಾಲು ರೋಗಿಗಳು ವರ್ಷದೊಳಗೇ ತೀರಿಕೊಳ್ಳುತ್ತಿದ್ದರು. 1970ರ ದಶಕದಲ್ಲಿ ಅಮೆರಿಕದಲ್ಲಿ ಆಂಥೋನಿ ಫೌಚಿ (ಹೌದು, ಕೋವಿಡ್ ಕಾಲದಲ್ಲಿ ಟಿವಿಯಲ್ಲಿ ಬರುತ್ತಿದ್ದವರೇ) ಮತ್ತು ಶೆಲ್ಡನ್ ವೋಲ್ಫ್ ಸೈಕ್ಲೋಫಾಸ್ಫಮೈಡ್ ಜೊತೆ ಸ್ಟೀರಾಯ್ಡ್ ಕೊಟ್ಟು ದಾರಿ ತೋರಿಸಿದರು. ಈಗ ರಿಟುಕ್ಸಿಮ್ಯಾಬ್ ಕೂಡ ಇದೆ. ಇವೆಲ್ಲ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ, ಹಾಗಾಗಿ ಟಿಬಿ ಇಲ್ಲ ಅಂತ ಮೊದಲು ಸರಿಯಾಗಿ ನೋಡಿಕೊಳ್ಳಬೇಕು. ಚಿಕಿತ್ಸೆ ಹಿಡಿದ ಮೇಲೆ ದೊಡ್ಡಮ್ಮನ ಗಂಟುಗಳು ಕರಗುತ್ತಾ ಬಂದವು.

ಹಳೆಯ ಫಿಲ್ಮ್‌ಗಳನ್ನು ದಯವಿಟ್ಟು ಎಸೆಯಬೇಡಿ. ಹಿಂದಿನದನ್ನೂ ಈಗಿನದನ್ನೂ ಪಕ್ಕಪಕ್ಕ ಇಟ್ಟಾಗಲೇ ನೆರಳು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಡಾಕ್ಟರಿಗೆ ಗೊತ್ತಾಗುವುದು.