ನಸುಕಿನಲ್ಲಿ ತೊಟ್ಟಿಯ ಬಳಿ

ಕಳೆದ ಬೇಸಿಗೆಯ ಒಂದು ದಿನ ನಸುಕಿನಲ್ಲೇ ಎಚ್ಚರವಾಗಿ ಹಿತ್ತಲಿಗೆ ಹೋದಾಗ, ತೊಟ್ಟಿಯಲ್ಲಿದ್ದ ಗಪ್ಪಿ ಮೀನುಗಳೆಲ್ಲ ನೀರಿನ ಮೇಲ್ಭಾಗಕ್ಕೆ ಬಂದು, ಬಾಯಿಯನ್ನು ಮೇಲಕ್ಕೆ ಮಾಡಿ, ಒಂದೇ ಸಮನೆ ತೆರೆದು ಮುಚ್ಚುತ್ತಿದ್ದವು. ಹಸಿದಿರಬೇಕೆಂದು ಒಂದು ಚಿಟಿಕೆ ಆಹಾರ ಹಾಕಿದೆ. ಒಂದು ಮೀನೂ ಅದನ್ನು ಮುಟ್ಟಲಿಲ್ಲ. ಒಂಬತ್ತು ಗಂಟೆಗೆ ಮತ್ತೆ ಹೋಗಿ ನೋಡಿದರೆ ಎಲ್ಲವೂ ಎಂದಿನಂತೆ ಗಿಡಗಳ ನಡುವೆ ಓಡಾಡಿಕೊಂಡಿದ್ದವು. ಮೂರನೆಯ ದಿನದ ನಸುಕಿನಲ್ಲಿ ಎರಡು ಮೀನುಗಳು ಸತ್ತು ತೇಲುತ್ತಿದ್ದವು. ಅದುವರೆಗೆ ಒಂದೂವರೆ ವರ್ಷ ನಾನು ಆ ತೊಟ್ಟಿಯನ್ನು ನೋಡಿದ್ದೆಲ್ಲ ಹಗಲಿನಲ್ಲಿ, ಅಂದರೆ ಅದು ಅತ್ಯಂತ ಆರೋಗ್ಯವಾಗಿರುವ ಹೊತ್ತಿನಲ್ಲಿ ಮಾತ್ರ ಎಂಬುದು ಆಗ ಅರಿವಿಗೆ ಬಂತು.

ತೊಟ್ಟಿ ದೊಡ್ಡದೇನಲ್ಲ. ಅದರ ಅಡ್ಡಳತೆ 60 ಸೆಂ.ಮೀ., ನೀರಿನ ಆಳ 45 ಸೆಂ.ಮೀ.; ಹೆಚ್ಚುಕಡಿಮೆ 125 ಲೀಟರ್ ನೀರು ಹಿಡಿಯುತ್ತದೆ. ಪಂಪಾಗಲಿ ಫಿಲ್ಟರಾಗಲಿ ಇಲ್ಲ. ಒಂದು ಕುಂಡದಲ್ಲಿ ಕುಳ್ಳ ತಳಿಯ ನೈದಿಲೆ, ನೀರಿನೊಳಗೆ ಬೇರಿಲ್ಲದೆ ಬೆಳೆಯುವ ಹಾರ್ನ್‌ವರ್ಟ್, ಮೇಲೆ ತೇಲುವ ಸಾಲ್ವಿನಿಯಾ, ಇವಿಷ್ಟೇ ಗಿಡಗಳು. ನೈದಿಲೆಯನ್ನು ನೆಡುವಾಗ ಗೊಬ್ಬರ ಬೆರೆಸದ ಜೇಡಿಮಣ್ಣನ್ನೇ ಬಳಸಿ, ಮೇಲೆ ಎರಡು ಬೆರಳು ದಪ್ಪ ಮರಳು ಹರಡಿದ್ದೆ. ಹೂವಿನ ಕುಂಡಗಳಿಗೆ ಹಾಕುವ ಗೊಬ್ಬರದ ಮಣ್ಣು ಇಲ್ಲಿ ಒಗ್ಗುವುದಿಲ್ಲ. ಅದರ ಸಾರವೆಲ್ಲ ನೀರಿಗೆ ಇಳಿದು ಕೆಲವೇ ದಿನಗಳಲ್ಲಿ ನೀರು ಹಸಿರಾಗುತ್ತದೆ. ಎಳೆಯ ಗಿಡದ ಎಲೆಗಳು ನೀರಿನ ಮೇಲಕ್ಕೆ ತಲುಪುವವರೆಗೆ ಕುಂಡವನ್ನು ಇಟ್ಟಿಗೆಗಳ ಮೇಲೆ ಕೂರಿಸಿ, ಗಿಡ ಬೆಳೆದಂತೆ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆಯುತ್ತ ಬಂದೆ.

ಗಿಡಗಳನ್ನಿಟ್ಟು ಆರು ವಾರಗಳಾದ ಮೇಲಷ್ಟೇ ಮೀನುಗಳನ್ನು ಬಿಟ್ಟೆ. ಈ ಕಾಯುವಿಕೆಯನ್ನು ಯಾರೂ ತಪ್ಪಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಹಾಕುತ್ತದೆ. ತಳದಲ್ಲಿ ಕೊಳೆಯುವ ಆಹಾರ ಮತ್ತು ಎಲೆಗಳಿಂದಲೂ ಅದೇ ಬರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯದು ಆ ನೈಟ್ರೈಟನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ, ಅದನ್ನು ಗಿಡಗಳು ಹೀರಿಕೊಳ್ಳುತ್ತವೆ. ಈ ಬ್ಯಾಕ್ಟೀರಿಯಾಗಳು ತೊಟ್ಟಿಯ ಗೋಡೆ, ಮರಳು ಮತ್ತು ಗಿಡಗಳ ಮೇಲೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅವುಗಳಿಗೂ ಆಹಾರ ಬೇಕಾದ್ದರಿಂದ ಮೀನಿಲ್ಲದ ದಿನಗಳಲ್ಲಿಯೂ ಎರಡು ದಿನಕ್ಕೊಮ್ಮೆ ಚಿಟಿಕೆ ಆಹಾರವನ್ನು ನೀರಿಗೆ ಹಾಕುತ್ತಿದ್ದೆ. ಕೊಳಾಯಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಬಿಸಿಲಿನಲ್ಲಿ ಒಂದೆರಡು ದಿನ ಇಟ್ಟರೆ ಹೋಗುತ್ತದೆ; ಕ್ಲೋರಮಿನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿದ ಸಂಯುಕ್ತ) ಬಳಸುವ ಕಡೆ ಮಾತ್ರ ಅದು ಹಾಗೆ ಹೋಗುವುದಿಲ್ಲವಾದ್ದರಿಂದ ಅದನ್ನು ನಿವಾರಿಸುವ ದ್ರಾವಣವನ್ನೇ ಬಳಸಬೇಕು.

ಇಷ್ಟೆಲ್ಲ ಕ್ರಮವಾಗಿ ಮಾಡಿದ ತೊಟ್ಟಿಯಲ್ಲಿ ಮೀನುಗಳೇಕೆ ಉಸಿರಿಗಾಗಿ ಒದ್ದಾಡಿದವು? ನೀರು ತಣ್ಣಗಿದ್ದಷ್ಟೂ ಅದರಲ್ಲಿ ಹೆಚ್ಚು ಆಮ್ಲಜನಕ ಕರಗುತ್ತದೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿ.ಗ್ರಾಂ., 30 ಡಿಗ್ರಿಯಲ್ಲಿ ಸುಮಾರು 7.5 ಮಿ.ಗ್ರಾಂ. ಬೇಸಿಗೆಯಲ್ಲಿ ಹೀಗೆ ಸಂಗ್ರಹವೇ ಕುಗ್ಗಿರುವಾಗ ಮೀನುಗಳ ದೇಹ ಬೇಡುವ ಆಮ್ಲಜನಕ ಹೆಚ್ಚಾಗುತ್ತದೆ. ಹಗಲಿನಲ್ಲಿ ಆಮ್ಲಜನಕ ಕೊಡುವ ಗಿಡ ಮತ್ತು ಪಾಚಿಗಳು ಕತ್ತಲಾದ ಕೂಡಲೇ ಕೊಡುವುದನ್ನು ನಿಲ್ಲಿಸುತ್ತವೆ, ಆದರೆ ಮೀನುಗಳಂತೆಯೇ ಹಗಲೂ ರಾತ್ರಿಯೂ ಉಸಿರಾಡುತ್ತಲೇ ಇರುತ್ತವೆ. ತಳದ ಕೊಳೆಯನ್ನು ಕರಗಿಸುವ ಬ್ಯಾಕ್ಟೀರಿಯಾಗಳೂ ಅದೇ ಆಮ್ಲಜನಕಕ್ಕೆ ಕೈಯೊಡ್ಡುತ್ತವೆ. ರಾತ್ರಿಯಿಡೀ ಖರ್ಚಾಗುತ್ತಲೇ ಹೋಗುವ ಈ ಸಂಗ್ರಹ ಅತ್ಯಂತ ಕಡಿಮೆಯಾಗುವುದು ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ. ಮೀನುಗಳು ಆ ಹೊತ್ತಿನಲ್ಲಿ ಬಾಯಿ ಮೇಲೆ ಮಾಡುವುದು ಗಾಳಿಯನ್ನು ಕುಡಿಯುವುದಕ್ಕಲ್ಲ, ಗಾಳಿಗೆ ತಾಗಿಕೊಂಡಿರುವ, ಉಳಿದ ನೀರಿಗಿಂತ ಹೆಚ್ಚು ಆಮ್ಲಜನಕವಿರುವ ತೆಳುವಾದ ಪದರವನ್ನು ಕಿವಿರುಗಳ ಮೇಲೆ ಹಾಯಿಸಿಕೊಳ್ಳುವುದಕ್ಕೆ.

ನನ್ನ ದೊಡ್ಡ ತಪ್ಪು ಸಾಲ್ವಿನಿಯಾದ ವಿಷಯದಲ್ಲಿತ್ತು. ಗಿಡ ಹೆಚ್ಚಿದಷ್ಟೂ ಮೀನಿಗೆ ಒಳ್ಳೆಯದೆಂದು ನಂಬಿ, ಅದು ನೀರಿನ ಮೇಲೆ ಒಂದಿಷ್ಟೂ ಜಾಗ ಬಿಡದಂತೆ ಹರಡಿದಾಗ ಸಂತೋಷಪಟ್ಟಿದ್ದೆ. ತೇಲುವ ಎಲೆಗಳು ತಯಾರಿಸುವ ಆಮ್ಲಜನಕದ ಬಹುಪಾಲು ನೀರಿಗೆ ಸೇರದೆ ಗಾಳಿಗೆ ಹೋಗುತ್ತದೆ. ಅದರ ಮೇಲೆ ಆ ಹೊದಿಕೆ ಗಾಳಿಯಿಂದ ನೀರಿಗೆ ಇಳಿಯಬೇಕಾದ ಆಮ್ಲಜನಕವನ್ನು ತಡೆಯುತ್ತದೆ, ಮತ್ತು ನೀರಿನೊಳಗೇ ಆಮ್ಲಜನಕ ಬಿಡುವ ಹಾರ್ನ್‌ವರ್ಟ್‌ಗೆ ಬೆಳಕು ಸಿಗದಂತೆ ಮಾಡುತ್ತದೆ. ತೆಗೆದು ನೋಡಿದಾಗ ಅದರ ಕೆಳಗಿನ ಹಾರ್ನ್‌ವರ್ಟ್ ಕಂದುಬಣ್ಣಕ್ಕೆ ತಿರುಗಿ ಉದುರುತ್ತಿತ್ತು. ಆ ಉದುರಿದ್ದೇ ತಳದಲ್ಲಿ ಕೊಳೆಯುತ್ತಿತ್ತು. ಅಂದೇ ಹೊದಿಕೆಯ ಮುಕ್ಕಾಲು ಭಾಗವನ್ನು ಎತ್ತಿ ಹಾಕಿದೆ. ಆ ವಾರವಿಡೀ ನಸುಕಿನಲ್ಲಿ ಎದ್ದು, ತೊಟ್ಟಿಯ ನೀರನ್ನೇ ಚೊಂಬಿನಿಂದ ಮೊಗೆದು ಎತ್ತರದಿಂದ ಸುರಿಯುತ್ತಿದ್ದೆ. ಆಹಾರವನ್ನು ಅರ್ಧಕ್ಕೆ ಇಳಿಸಿದೆ. ಆಮೇಲೆ ಒಂದು ಮೀನೂ ಸಾಯಲಿಲ್ಲ.

ನಸುಕಿನಂತೆಯೇ ಸಂಜೆಗೂ ಅದರದೇ ಆದ ಅಪಾಯವಿದೆ. ಗಿಡ ಮತ್ತು ಪಾಚಿಗಳು ಹಗಲಿನಲ್ಲಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) ಏರುತ್ತದೆ, ಬೆಳಿಗ್ಗೆ 7.4 ಇದ್ದ ನನ್ನ ತೊಟ್ಟಿಯ ಪಿಎಚ್, ನೀರು ಹಸಿರಾಗಿದ್ದ ದಿನಗಳಲ್ಲಿ ಸಂಜೆಯ ಹೊತ್ತಿಗೆ 8.8 ಆಗಿರುತ್ತಿತ್ತು. ನೀರಿನಲ್ಲಿರುವ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದ ಪಾಲು 25 ಡಿಗ್ರಿಯಲ್ಲಿ, ಪಿಎಚ್ 7 ಇದ್ದಾಗ ಶೇಕಡಾ 1ಕ್ಕಿಂತ ಕಡಿಮೆ, 8 ಇದ್ದಾಗ ಸುಮಾರು 5, 9 ಇದ್ದಾಗ ಸುಮಾರು 36. ಬೆಳಿಗ್ಗೆ ನಿರಪಾಯವೆನಿಸುವ ಅಮೋನಿಯಾ ಅದೇ ದಿನ ಸಂಜೆ ಮೀನಿನ ಕಿವಿರುಗಳನ್ನು ಸುಡಬಲ್ಲದು. ಆದ್ದರಿಂದ ಪರೀಕ್ಷಾ ಕಿಟ್ ಇಟ್ಟುಕೊಂಡವರು ಎರಡೂ ಹೊತ್ತು ಅಳೆದು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಚಿಕ್ಕ ತೊಟ್ಟಿ ಬೇಗ ಕಾಯುವುದರಿಂದ, ಬೆಳಿಗ್ಗೆ ಐದಾರು ಗಂಟೆಗಳ ಕಾಲ ಬೀಳುವ ಬಿಸಿಲನ್ನು ನೈದಿಲೆಗೆ ಬಿಟ್ಟು, ಮಧ್ಯಾಹ್ನದ ನಂತರ ನೆರಳು ಬೀಳುವ ಜಾಗಕ್ಕೆ ತೊಟ್ಟಿಯನ್ನು ಬದಲಾಯಿಸಿದ್ದೇನೆ.

ಗೋಲ್ಡ್‌ಫಿಶ್ ಇಂಥ ತೊಟ್ಟಿಗೆ ಸಲ್ಲದು. ಅಂಗಡಿಯಲ್ಲಿ ಬೆರಳುದ್ದ ಕಾಣುವ ಮೀನು ಮುಂದೆ ಗೇಣುದ್ದ ಬೆಳೆಯುತ್ತದೆ, ಅದು ಹೊರಹಾಕುವ ಕಲ್ಮಶವನ್ನು 125 ಲೀಟರ್ ನೀರು ತಾಳಲಾರದು. ಗಪ್ಪಿಗಳಾದರೆ ಸೊಳ್ಳೆಯ ಮರಿಗಳನ್ನು ತಿಂದು ಹಾಕುತ್ತವೆ. ಆದರೆ ಅವು ತಿಂಗಳಿಗೊಮ್ಮೆ ಮರಿ ಹಾಕುತ್ತವೆ, ಒಮ್ಮೆ ಗಂಡಿನೊಡನೆ ಕೂಡಿದ ಹೆಣ್ಣು ಹಲವು ತಿಂಗಳವರೆಗೆ ಗಂಡಿಲ್ಲದೆಯೂ ಮರಿ ಹಾಕಬಲ್ಲದು. ನನ್ನ ಆರು ಮೀನುಗಳು ಒಂದು ವರ್ಷದಲ್ಲಿ ಎಣಿಕೆಗೆ ಸಿಗದಷ್ಟಾಗಿದ್ದವು. ಆ ನಸುಕಿನ ಸಂಕಟಕ್ಕೆ ಅದೂ ಒಂದು ಕಾರಣವೇ. ಈಗ ಗಂಡುಗಳನ್ನು ಮಾತ್ರ ಉಳಿಸಿಕೊಂಡು, ಉಳಿದವನ್ನು ಸಾಕುವ ಪರಿಚಯದವರಿಗೆ ಕೊಟ್ಟಿದ್ದೇನೆ. ಹೆಚ್ಚಾದ ಮೀನನ್ನಾಗಲಿ ಗಿಡವನ್ನಾಗಲಿ ಕೆರೆಗೋ ಹಳ್ಳಕ್ಕೋ ಬಿಡುವುದು ದೊಡ್ಡ ಅನ್ಯಾಯ. ನನ್ನ ತೊಟ್ಟಿಯನ್ನು ಮುಚ್ಚಿದ ಸಾಲ್ವಿನಿಯಾ ಒಂದು ಕೆರೆಯನ್ನೂ ಹಾಗೆಯೇ ಮುಚ್ಚಬಲ್ಲದು, ಅಲ್ಲಿ ನಸುಕಿನಲ್ಲಿ ಎದ್ದು ಚೊಂಬಿನಿಂದ ನೀರು ಸುರಿಯುವವರು ಯಾರೂ ಇರುವುದಿಲ್ಲ.

ಈಗ ವಾರಕ್ಕೆರಡು ಸಲವಾದರೂ ಬೆಳಕು ಹರಿಯುವ ಮುನ್ನ ಟಾರ್ಚ್ ಹಿಡಿದು ಹಿತ್ತಲಿಗೆ ಹೋಗುತ್ತೇನೆ. ಮೀನುಗಳು ನೀರಿನ ನಡುಭಾಗದಲ್ಲಿದ್ದರೆ ಸದ್ದಿಲ್ಲದೆ ಹಿಂದಿರುಗುತ್ತೇನೆ. ಮೇಲೆ ಬಂದಿದ್ದರೆ ಅಂದು ಆಹಾರವಿಲ್ಲ. ಮೊದಲು ನೀರು ಸುರಿದು, ಬೆಳಕಾದ ಮೇಲೆ ಸಾಲ್ವಿನಿಯಾವನ್ನು ಎರಡು ಕೈತುಂಬ ತೆಗೆದು, ಅದರ ಬೇರಿನಂಥ ಎಳೆಗಳ ನಡುವೆ ಮೀನು ಸಿಲುಕಿಲ್ಲವೆಂದು ನೋಡಿಕೊಂಡು, ಹಿತ್ತಲಿನ ಗಿಡಗಳ ಬುಡಕ್ಕೆ ಗೊಬ್ಬರವಾಗಿ ಹರಡುತ್ತೇನೆ.