ಕನ್ನಂಬಾಡಿಯ ಸೋಲು, ಲಂಡನ್ನಿನ ನಗು

ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋದವರೆಲ್ಲ ಮಮ್ಮಿಗಳ ಮುಂದೆ ನೂಕುನುಗ್ಗಲು ಮಾಡ್ತಾರೆ. ನಾನು, ಅಕ್ಕನ ಮಗ ಇಬ್ಬರೂ ನೇರ ಮೇಲಕ್ಕೆ ಹತ್ತಿದೆವು. ಅಲ್ಲಿ 90ನೇ ಕೋಣೆಯ ಹತ್ತಿರ ಹಳೆಯ ಮುದ್ರಿತ ಚಿತ್ರಗಳನ್ನು ನೋಡುವ ಕೋಣೆಯಿದೆ. ಮೊದಲೇ ಸಮಯ ಗೊತ್ತು ಮಾಡಿಕೊಂಡರೆ ದುಡ್ಡಿಲ್ಲದೆ ನೋಡಬಹುದು. ಪೆನ್ನು ಮಾತ್ರ ಹೊರಗೆ ತೆಗೆಯುವ ಹಾಗಿಲ್ಲ, ಪೆನ್ಸಿಲ್ಲೇ ಗತಿ.

ನಾನು ಕೇಳಿದ್ದು ಆ ಕಾಲದ ಇಂಗ್ಲಿಷ್ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್‌ರೇ ಚಿತ್ರಗಳನ್ನು. ತಾಮ್ರದ ತಗಡಿನ ಮೇಲೆ ಕೊರೆದು, ಅಚ್ಚು ಹಾಕಿ, ಕೈಯಲ್ಲೇ ಬಣ್ಣ ಬಳಿದ ವ್ಯಂಗ್ಯಚಿತ್ರಗಳು. ಮೊದಲು ಬಂದದ್ದು ನಮ್ಮೂರಿನದೇ!

1791ರ ಮೇ ತಿಂಗಳಲ್ಲಿ, ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಬಂದ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹೊಸ್ತಿಲವರೆಗೂ ಬಂದಿದ್ದ. ಮಳೆ ಹಿಡಿಯಿತು, ಎತ್ತುಗಳು ಸತ್ತವು, ತಿನ್ನಲು ಅಕ್ಕಿಯಿಲ್ಲ. ಕನ್ನಂಬಾಡಿಯಲ್ಲಿ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳು ಮಾಡಿ ಹಿಂದಿರುಗಿದ. ಸುದ್ದಿ ಹಡಗಿನಲ್ಲಿ ಲಂಡನ್ ಮುಟ್ಟಿ ಡಿಸೆಂಬರಿನಲ್ಲಿ ಚಿತ್ರ ಹೊರಬಂತು. ಹೆಸರು ‘ಮುಂಗಾರಿನ ಆಗಮನ’. ನೋಡಿದರೆ ಮೋಡವಲ್ಲ, ಮಳೆಯಲ್ಲ. ಕೋಟೆಯ ಮೇಲೆ ನಿಂತ ಟಿಪ್ಪು ಉಚ್ಚೆ ಹೊಯ್ಯುತ್ತಿದ್ದಾನೆ, ಕೆಳಗೆ ಕಾರ್ನ್‌ವಾಲಿಸ್ ಬಿದ್ದಂಬೀಳ ಓಡುತ್ತಿದ್ದಾನೆ! ಶತ್ರುವಿನ ಜೊತೆ ಯುದ್ಧ ನಡೆದಿರುವಾಗಲೇ ಇಂಗ್ಲಿಷರು ದುಡ್ಡು ಕೊಟ್ಟು ಕೊಂಡದ್ದು ತಮ್ಮದೇ ಸೇನಾಪತಿಯ ಮರ್ಯಾದೆ ತೆಗೆಯುವ ಚಿತ್ರವನ್ನು. ಈ ಧೈರ್ಯ ನನಗೆ ತುಂಬಾ ಹಿಡಿಸಿತು.

ಆಮೇಲೆ ನೆಪೋಲಿಯನ್ ಸರದಿ. 1805ರ ಫೆಬ್ರವರಿಯ ಪ್ಲಮ್ ಪುಡಿಂಗ್ ಚಿತ್ರವನ್ನು ಪಠ್ಯಪುಸ್ತಕಗಳಲ್ಲಿ ಎಷ್ಟೋ ಸಲ ಅಚ್ಚು ಹಾಕಿದ್ದಾರೆ. ಪ್ಲಮ್ ಪುಡಿಂಗ್ ಅಂದರೆ ಒಣದ್ರಾಕ್ಷಿ ಹಾಕಿ ಬೇಯಿಸಿದ, ಉಂಡೆಯಂಥ ಇಂಗ್ಲಿಷ್ ಸಿಹಿತಿಂಡಿ. ಇಲ್ಲಿ ಮೇಜಿನ ಮೇಲೆ ಭೂಗೋಳವೇ ಪುಡಿಂಗ್. ಈಚೆ ಬ್ರಿಟನ್ನಿನ ಪ್ರಧಾನಿ ಪಿಟ್, ಉದ್ದಕ್ಕೆ ಒಣಕಲು, ಸಮುದ್ರವನ್ನು ಕೊಯ್ದುಕೊಳ್ಳುತ್ತಿದ್ದಾನೆ. ಆಚೆ ನೆಪೋಲಿಯನ್, ಕೈ ಎಟುಕದೆ ಕುರ್ಚಿಯಿಂದ ಅರ್ಧ ಎದ್ದು, ಕತ್ತಿಯಲ್ಲಿ ಯುರೋಪನ್ನು ಕತ್ತರಿಸುತ್ತಿದ್ದಾನೆ. ತಲೆಗಿಂತ ಟೋಪಿಯೇ ದೊಡ್ಡದು. ಹತ್ತಿರದಿಂದ ನೋಡಿದರೆ ಅವನ ಕಣ್ಣಿನ ಹಸಿವು ಕಾಣುತ್ತದೆ, ಪುಸ್ತಕದಲ್ಲಿ ಅದು ಕಾಣಿಸುವುದೇ ಇಲ್ಲ.

“ಮಾಮ, ಅವನು ನಿಜಕ್ಕೂ ಅಷ್ಟು ಕುಳ್ಳನಾ?” ಎಂದ ಹುಡುಗ.

ಅಲ್ಲ ಕಣೋ. 5 ಅಡಿ 6 ಇಂಚಿನ ಆಸುಪಾಸು, ಆ ಕಾಲಕ್ಕೆ ಸಾಮಾನ್ಯ ಎತ್ತರವೇ. ಅವನನ್ನು ಜಗತ್ತಿನ ಕಣ್ಣಿಗೆ ಗಿಡ್ಡ ಮಾಡಿದವರಲ್ಲಿ ಗಿಲ್‌ರೇ ದೊಡ್ಡ ಪಾಲುದಾರ. ಅಷ್ಟರಲ್ಲಿ ಗಿಲ್‌ರೇಗೆ ಸರ್ಕಾರದಿಂದ ಗುಟ್ಟಾಗಿ ವರ್ಷಕ್ಕೆ 200 ಪೌಂಡ್ ಪಿಂಚಣಿ ಬಂದದ್ದೂ ಆಗಿತ್ತು. ಹಾಗಿದ್ದೂ ಪಿಟ್‌ನನ್ನು ಹೊಟ್ಟೆಬಾಕನ ಹಾಗೆ ಬರೆದಿದ್ದಾನಲ್ವಾ, ಅದು ನೋಡಿ.

ಮಧ್ಯಾಹ್ನ ಗ್ರೀನ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದು ಸೇಂಟ್ ಜೇಮ್ಸ್ ಸ್ಟ್ರೀಟಿಗೆ ನಡೆದೆವು. 27ನೇ ನಂಬರಿನಲ್ಲಿ ಗಿಲ್‌ರೇ ಚಿತ್ರಗಳನ್ನು ಅಚ್ಚು ಹಾಕಿಸಿ ಮಾರುತ್ತಿದ್ದ ಹನ್ನಾ ಹಂಫ್ರಿಯ ಅಂಗಡಿಯಿತ್ತು. ಗಿಲ್‌ರೇ ವಾಸ ಅದರ ಮಹಡಿಯಲ್ಲೇ. ಹೊಸ ಚಿತ್ರವನ್ನು ಕಿಟಕಿಗೆ ಅಂಟಿಸಿದರೆ ಜನ ಗುಂಪು ಕಟ್ಟುತ್ತಿದ್ದರು. ಕೊಳ್ಳಲಾಗದವರು ಸುಮ್ನೆ ನಿಂತು ನಗುತ್ತಿದ್ದರು. ಈಗ ಬೀದಿಯ ತುಂಬಾ ದುಬಾರಿ ಅಂಗಡಿ, ಕ್ಲಬ್ಬುಗಳು. ನಮ್ಮಂಥವರಿಗೆ ಜಾಸ್ತಿ ಕೆಲಸವಿಲ್ಲ.

ಕೊನೆಗಾಲದಲ್ಲಿ ಗಿಲ್‌ರೇಗೆ ಬುದ್ಧಿ ಭ್ರಮಣೆಯಾಗಿತ್ತು. ಸತ್ತದ್ದು 1815ರ ಜೂನ್ 1ರಂದು. ನೆಪೋಲಿಯನ್ ಕೊನೆಯ ಸಲ ಸೋತ ವಾಟರ್‌ಲೂ ಕದನ ಆ ತಿಂಗಳ 18ಕ್ಕೆ.

ಹುಡುಗ ಫೋನ್ ತೆಗೆದು, “ಟಿಪ್ಪು ಚಿತ್ರ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕ್ಲಾ ಮಾಮ?” ಎಂದ.

“ಬೇಡಪ್ಪಾ, ರಾತ್ರಿಯಿಡೀ ಜಗಳ ಬಿಡಿಸೋರು ಯಾರು? ನೆಪೋಲಿಯನ್‌ದು ಹಾಕು ಸಾಕು” ಎಂದೆ.